ಒಂದೇ ಮನೆಯ ಬಿತ್ತನೆ

ಕೆಂಗೇರಿಯ ಆ ಮನೆಯಲ್ಲಿ ನಾನು ಬಾಡಿಗೆಗಿದ್ದದ್ದು ಬೀದಿ ಕಡೆಯ ಒಂದು ಕೋಣೆಯಲ್ಲಿ. ಅಣ್ಣನ ಮನೆ ರಾಜಾಜಿನಗರದ ಹೊಸ ಬಡಾವಣೆಯಲ್ಲಿತ್ತು. ಅಲ್ಲಿಂದ ದಿನವೂ ಕೆಂಗೇರಿಯ ಮಿಡ್ಲ್ ಸ್ಕೂಲಿಗೆ ಬಂದು ಹೋಗುವುದೆಂದರೆ ಅರ್ಧ ಆಯುಷ್ಯ ಬಸ್ಸು ಕಾಯುವುದರಲ್ಲೇ ಕಳೆಯುತ್ತಿತ್ತು. ಮದುವೆಯಾಗದ ಒಂಟಿ ಹೆಂಗಸಿಗೆ, ಅದರಲ್ಲೂ ಮಕ್ಕಳಿಗೆ ಕಪ್ಪೆ ಕೊಯ್ದು ತೋರಿಸುವ ವಿಜ್ಞಾನದ ಮೇಷ್ಟ್ರಮ್ಮನಿಗೆ ಕೋಣೆ ಕೊಡಲು ಊರಿನಲ್ಲಿ ಯಾರೂ ಮುಂದೆ ಬರಲಿಲ್ಲ. ಕೊಟ್ಟವರು ಮುನಿತಾಯಮ್ಮ ಒಬ್ಬರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವರ ಮೇಲೆ ನಾನು ಬಹಳ ಸಿಟ್ಟಾಗುವವಳಿದ್ದೇನೆ. ಇದು ಐವತ್ತೈದು, ಐವತ್ತಾರನೇ ಇಸವಿಯ ಮಾತು.

ಅದು ರೇಷ್ಮೆ ಬೆಳೆಯುವ ಮನೆ. ನಡುಮನೆಯಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೆ ಏರಿರುತ್ತಿದ್ದವು. ತಟ್ಟೆಯ ತುಂಬ ಹುಳು. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಕಸ ತೆಗೆಯಬೇಕು, ಇರುವೆ ಬಾರದಂತೆ ಕಾಯಬೇಕು. ಹುಳು ದೊಡ್ಡದಾದ ದಿನಗಳಲ್ಲಿ ಅವು ಸೊಪ್ಪು ಮೇಯುವ ಸದ್ದು ತುಂತುರು ಮಳೆ ಬಿದ್ದ ಹಾಗೆ ನನ್ನ ಕೋಣೆಯವರೆಗೂ ಕೇಳಿಸುತ್ತಿತ್ತು. ಆ ಮನೆಯಲ್ಲಿ ಎಷ್ಟೋ ದಿನ ನಾನು ಕೇಳಿದ ಸದ್ದು ಅದೊಂದೇ.

ಮುನಿತಾಯಮ್ಮ ಮನೆಗೆ ಹಿರಿಯರು. ಅವರ ಕೊನೆಯ ಮಗ ನಂಜುಂಡಪ್ಪ ಹುಳು ಸಾಕುವುದರಲ್ಲಿ ಸುತ್ತಲಿನ ಊರುಗಳಿಗೇ ಗಟ್ಟಿಗ, ಮಾತಿನಲ್ಲಿ ಮಾತ್ರ ಬಡವ. ಅವನ ಹೆಂಡತಿ ಪುಟ್ಟಲಕ್ಷ್ಮಿ. ಅವಳು ಹೊರಗಿನಿಂದ ಬಂದ ಸೊಸೆಯಲ್ಲ, ಮುನಿತಾಯಮ್ಮನ ಹಿರಿಯ ಮಗಳು ಲಿಂಗಮ್ಮನ ಮಗಳು. ಅಂದರೆ ಗಂಡನೇ ಅವಳಿಗೆ ಸೋದರಮಾವ. ಎರಡನೇ ಬಾಣಂತನದಲ್ಲಿ ಲಿಂಗಮ್ಮ ತೀರಿಕೊಂಡಾಗ ಪುಟ್ಟಲಕ್ಷ್ಮಿಯನ್ನೂ, ಹಸುಗೂಸಾಗಿದ್ದ ಅವಳ ತಮ್ಮ ಹನುಮಂತಯ್ಯನನ್ನೂ ಅಜ್ಜಿಯೇ ತಂದು ಸಾಕಿದರು. ಹುಡುಗಿ ದೊಡ್ಡವಳಾಗುತ್ತಲೇ ಮಗನಿಗೆ ಕಟ್ಟಿದರು. ಮನೆಯ ಹುಡುಗಿ ಮನೆಯಲ್ಲೇ ಉಳಿಯಿತೆಂದು ಊರೆಲ್ಲ ಮೆಚ್ಚಿಕೊಂಡಿತು. ತಮ್ಮನನ್ನು ಕಂಕುಳಲ್ಲಿಟ್ಟುಕೊಂಡೇ ಅವಳು ಸಂಸಾರ ಹೂಡಿದಳು. ಈಗಲೂ ಗಂಡನನ್ನು ಅವಳು ಕರೆಯುತ್ತಿದ್ದದ್ದು ‘ಮಾವ’ ಎಂದೇ.

ಮೂವರು ಮಕ್ಕಳು. ದೊಡ್ಡವಳು ಬಸವ್ವ, ಅವಳ ಕೆಳಗೆ ಸೋಮಲಿಂಗಪ್ಪ, ಕೊನೆಯವಳು ಶಿವಗಂಗಮ್ಮ. ಮೊದಲಿನ ಇಬ್ಬರಿಗೂ ಹುಟ್ಟಿದಾಗಿನಿಂದ ಕಿವಿ ಕೇಳದು. ಕಿವಿಗೆ ಬೀಳದ ಮಾತು ಬಾಯಿಗೂ ಬರಲಿಲ್ಲ. ಗಂಗ ಎಂದು ಕರೆಯುತ್ತಿದ್ದ ಕೊನೆಯವಳು ಮಾತ್ರ ಎಲ್ಲ ಮಕ್ಕಳಂತೆ ಕೇಳುತ್ತಿದ್ದಳು, ಅರಳು ಹುರಿದಂತೆ ಮಾತಾಡುತ್ತಿದ್ದಳು. ಅಕ್ಕನಿಗೂ ಅಣ್ಣನಿಗೂ ಬೇಕಾದ್ದನ್ನು ಊರಿಗೆ ಹೇಳುತ್ತಿದ್ದವಳು ಅವಳೇ.

ಮಧ್ಯಾಹ್ನ ಸೊಪ್ಪು ಹಾಕಿ ಮುಗಿದ ಮೇಲೆ ಪುಟ್ಟಲಕ್ಷ್ಮಿ ನನ್ನ ಕೋಣೆಯ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ಕೆಲಸವೇನೂ ಇರುತ್ತಿರಲಿಲ್ಲ. ಆಡಿದ ಮಾತಿಗೆ ತಿರುಗಿ ಒಂದು ಮಾತು ಬರಲಿ ಎಂದಷ್ಟೇ ಆಸೆ.

“ಅತ್ತೆ ಬೈದ್ರೆ ಹೆಂಗಸ್ರು ತವರಿಗೆ ಹೋಗಿ ಅಳ್ತಾರೆ ಮೇಷ್ಟ್ರಮ್ಮ,” ಎಂದಳು ಒಂದು ದಿನ. “ನಂಗೆ ಬೈಯೋ ಅತ್ತೇನೂ ನಮ್ಮಜ್ಜಿನೇ, ಹೋಗಿ ಮಡಿಲಲ್ಲಿ ತಲೆ ಇಡಬೇಕಾಗಿರೋ ಅಜ್ಜಿನೂ ಅವಳೇ. ಗಂಡ ರೇಗಿದ್ರೆ ಸೋದರಮಾವನ್ನ ಕರೆಸಿ ಪಂಚಾಯ್ತಿ ಮಾಡಿಸ್ತಾರೆ. ನಮ್ಮನೇಲಿ ರೇಗಿರೋನೇ ಸೋದರಮಾವ. ಯಾರ ಹತ್ರ ಹೇಳ್ಕೊಳ್ಳಿ ನಾನು?”

ಹೇಳಿ ತಾನೇ ನಕ್ಕಳು. ನನಗೆ ನಗು ಬರಲಿಲ್ಲ. ಹೆಣ್ಣು ಕಣ್ಮರೆಯಾಗಬಾರದು, ಪರರ ಪಾಲಾಗಬಾರದು ಎಂದು ಹಿರಿಯರು ಮಾಡಿದ ಏರ್ಪಾಡು ಇದು. ಅದರಲ್ಲಿ ಆ ಹೆಣ್ಣಿಗೆ ಇದ್ದ ಒಂದೇ ಹೊರಬಾಗಿಲನ್ನೂ ಮುಚ್ಚಿಬಿಟ್ಟಿದ್ದರು.

ಬಸವ್ವನ ವಿಷಯ ಹೇಳಬೇಕು. ಹತ್ತೊಂಬತ್ತರ ಹುಡುಗಿ, ಕೈ ಬಹಳ ಚುರುಕು. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದದ್ದು ಅಪ್ಪನಿಗಿಂತ ಮೊದಲು ಅವಳ ಕಣ್ಣಿಗೆ ಬೀಳುತ್ತಿತ್ತು. ನನ್ನ ಪುಸ್ತಕದ ಚಿತ್ರಗಳನ್ನು ಗಂಟೆಗಟ್ಟಲೆ ನೋಡುತ್ತಿದ್ದಳು. ಹೂವಿನ ಚಿತ್ರ ಕಂಡರೆ ಹೊರಗೆ ಓಡಿ ಅದೇ ಹೂ ಕಿತ್ತು ತಂದು ಪಕ್ಕದಲ್ಲಿಟ್ಟು ನನ್ನ ಮುಖ ನೋಡುತ್ತಿದ್ದಳು. ಅಂಥ ಬುದ್ಧಿಯ ಹುಡುಗಿಗೆ ಮನೆಯವರು ಕೊಟ್ಟಿದ್ದ ಭಾಷೆ ಎಷ್ಟು? ಊಟ, ನೀರು, ಸೊಪ್ಪು, ಬಾ, ಹೋಗು. ಅಷ್ಟಕ್ಕೆ ಐದಾರು ಕೈಸನ್ನೆ. ಅವಳ ಮನಸ್ಸಿನಲ್ಲಿದ್ದ ಉಳಿದದ್ದೆಲ್ಲ ಅವಳಲ್ಲೇ ಉಳಿಯಿತು.

ಮೈಸೂರಿನಲ್ಲಿ ಇಂಥ ಮಕ್ಕಳಿಗೆಂದೇ ಶಾಲೆ ಇದೆ, ಸೇರಿಸೋಣ ಎಂದು ನಾನು ಬಂದ ಹೊಸತರಲ್ಲೇ ಕೇಳಿದ್ದೆ. ಮುನಿತಾಯಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. “ವಯಸ್ಸಿಗೆ ಬಂದ ಹೆಣ್ಣನ್ನ ಪರದೇಶಕ್ಕೆ ಕಳಿಸ್ತಾರಾ? ಇದು ನಾಗದೋಸ ಕಣಮ್ಮ. ನಮ್ಮೋರ್ಯಾರೋ ನೇಗಿಲು ಹೊಡೆಯೋವಾಗ ಹಾವು ಕೊಂದವ್ರೆ. ಸಾಲೆಗೆ ಹೋದ್ರೆ ಅದು ಹೋಯ್ತದಾ?” ವೃಷಭಾವತಿ ಹೊಳೆಯ ಪಕ್ಕದ ಅರಳಿಕಟ್ಟೆಯಲ್ಲಿ ಬಸವ್ವನ ಹೆಸರಿನಲ್ಲೊಂದು, ಸೋಮಲಿಂಗನ ಹೆಸರಿನಲ್ಲೊಂದು ನಾಗರಕಲ್ಲು ಆಗಲೇ ನಿಂತಿದ್ದವು.

ಆಷಾಢದಲ್ಲಿ ಬಸವ್ವ ಹೊಟ್ಟೆ ಹಿಡಿದುಕೊಂಡು ಮಲಗಿದಳು. ತಿಂಗಳ ನೋವು ಎಂದುಕೊಂಡು ಅಜ್ಜಿ ಕಷಾಯ ಕಾಯಿಸಿ ಕುಡಿಸಿದರು. ಬಸವ್ವ ತಲೆ ಅಲ್ಲಾಡಿಸಿದಳು, ಹೊಟ್ಟೆಯ ಬಲಗಡೆ ತೋರಿಸಿದಳು, ಅಜ್ಜಿಯ ಕೈ ಹಿಡಿದು ಒತ್ತಿಕೊಂಡಳು. ಇದು ಆ ನೋವಲ್ಲ, ಇದು ಬೇರೆ ಎಂದು ಹೇಳುವುದಕ್ಕೆ ಅವಳ ಹತ್ತಿರ ಸನ್ನೆ ಇರಲಿಲ್ಲ, ಗಂಗಳಿಗೂ ಅದು ತಿಳಿಯಲಿಲ್ಲ. ಮಾರನೆಯ ದಿನ ಮೈ ಸುಡುತ್ತಿತ್ತು. ಆಸ್ಪತ್ರೆಗೆ ಒಯ್ಯೋಣ ಎಂದು ನಾನೂ ಪುಟ್ಟಲಕ್ಷ್ಮಿಯೂ ಅಂಗಲಾಚಿದೆವು. ಅಜ್ಜಿ ಅವಳನ್ನು ಅರಳಿಕಟ್ಟೆಗೆ ನಡೆಸಿಕೊಂಡು ಹೋಗಿ ನಾಗರಕಲ್ಲಿಗೆ ಪ್ರದಕ್ಷಿಣೆ ಹಾಕಿಸಿದರು. ಅಲ್ಲೇ ಕುಸಿದುಬಿದ್ದಳು.

ಗಾಡಿ ಕಟ್ಟಿ ಬೆಂಗಳೂರಿನ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಹೊಟ್ಟೆಯೊಳಗಿನ ಬಾವು ಒಡೆದುಹೋಗಿತ್ತು. ನೋವು ಮೊದಲು ಎಲ್ಲಿ ಶುರುವಾಯಿತು, ಯಾವಾಗ ಹೆಚ್ಚಾಯಿತು ಎಂದು ಡಾಕ್ಟರು ಒಂದೊಂದಾಗಿ ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಉತ್ತರ ಗೊತ್ತಿದ್ದವಳು ಒಬ್ಬಳೇ, ಅವಳು ಕಣ್ಣು ಅಗಲಿಸಿಕೊಂಡು ನಮ್ಮ ತುಟಿಗಳನ್ನೇ ನೋಡುತ್ತ ಮಲಗಿದ್ದಳು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು.

ಪುಟ್ಟಲಕ್ಷ್ಮಿ ಗಟ್ಟಿಯಾಗಿ ಅಳಲಿಲ್ಲ. ಕರ್ಮಾಂತರ ಮುಗಿದ ಮೇಲೂ ಸೊಪ್ಪು ಹಾಕುವಾಗ ಪಕ್ಕಕ್ಕೆ ತಿರುಗಿ ಕೈಸನ್ನೆ ಮಾಡುತ್ತಿದ್ದಳು. ಅಲ್ಲಿ ಯಾರೂ ಇಲ್ಲವೆಂದು ತಿಳಿದಾಗ ಆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

ದಸರಾ ಕಳೆದ ಮೇಲೆ ಮುನಿತಾಯಮ್ಮ ತಮ್ಮ ತೀರ್ಮಾನ ಹೊರಗೆ ಹಾಕಿದರು. ಗಂಗಳನ್ನು ಹನುಮಂತಯ್ಯನಿಗೆ ಕೊಡುವುದು. ಹನುಮಂತಯ್ಯ ಹೇರೋಹಳ್ಳಿಯಲ್ಲಿ ತೀರಿಹೋದ ತಂದೆಯ ಹೊಲ ನೋಡಿಕೊಂಡಿದ್ದ. ಕೆಟ್ಟ ಚಟವಿಲ್ಲದ, ಹಿರಿಯರು ಹೇಳಿದ್ದಕ್ಕೆ ತಲೆಯಾಡಿಸುವ ಮನುಷ್ಯ. ಮತ್ತೆ ಅದೇ ಸೋದರಮಾವ, ಮತ್ತೆ ಅದೇ ಅಕ್ಕನ ಮಗಳು. ಹದಿನೈದರ ಗಂಗ ನನ್ನ ಕೋಣೆಗೆ ಬಂದು ಬಾಗಿಲ ಹಿಂದೆ ನಿಂತು, “ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಓಡಾಡಿದೋರು ಅವ್ರು ಮೇಷ್ಟ್ರಮ್ಮ. ನಂಗೆ ಹೆಂಗೆಂಗೋ ಆಗ್ತದೆ,” ಎಂದಳು. ಇನ್ನೊಂದು ವಾರಕ್ಕೆ ವೀಳ್ಯಶಾಸ್ತ್ರ ಎಂದೂ ಗೊತ್ತಾಗಿತ್ತು.

ನನಗೆ ಸುಮ್ಮನಿರಲಾಗಲಿಲ್ಲ. ಅಂಗಳದಲ್ಲಿ ಎಲ್ಲರೂ ಕೂತು ಚಂದ್ರಿಕೆಗಳಿಂದ ಗೂಡು ಬಿಡಿಸುತ್ತಿದ್ದ ದಿನ ನಾನೂ ಹೋಗಿ ಕೂತೆ. ಚಂದ್ರಿಕೆ ಎಂದರೆ ರೇಷ್ಮೆ ಹುಳು ಗೂಡು ಕಟ್ಟುವ ದುಂಡನೆಯ ಬಿದಿರಿನ ಚಾಪೆ. ಅದರ ತುಂಬ ಹಳದಿ ಗೂಡುಗಳು ಕಚ್ಚಿಕೊಂಡಿದ್ದವು.

“ನಂಜುಂಡಪ್ಪನೋರೆ, ಈ ಮೊಟ್ಟೆ ಎಲ್ಲಿಂದ ತಂದ್ರಿ?” ಎಂದೆ.

“ಸರ್ಕಾರಿ ಬಿತ್ತನೆ ಕೋಠಿಯಿಂದ. ಮಿಸ್ರತಳಿ.”

“ಹಾಗಂದ್ರೆ?”

ಹುಳುವಿನ ಮಾತಾದರೆ ನಂಜುಂಡಪ್ಪನಿಗೂ ನಾಲಿಗೆ ಬರುತ್ತಿತ್ತು. “ನಮ್ಮ ಮೈಸೂರು ತಳಿ ಹೆಣ್ಣುಚಿಟ್ಟೆ, ಅದರ ಗೂಡು ಹಳದಿ. ಜಪಾನು ತಳಿ ಗಂಡುಚಿಟ್ಟೆ, ಅದರದ್ದು ಬಿಳಿ. ಕೂಡಿಸಿದ್ರೆ ಬರೋದೆಲ್ಲಾ ಹಳದಿನೇ, ಹುಳ ಮಾತ್ರ ಗಟ್ಟಿ.”

“ಹೋದ ವರ್ಷ ಕೋಠಿಯಲ್ಲಿ ಮೊಟ್ಟೆ ಸಿಗಲಿಲ್ಲ ಅಂತ ಇದೇ ಹಳದಿ ಗೂಡುಗಳನ್ನ ಮನೇಲೇ ಬಿತ್ತನೆಗೆ ಇಟ್ಕೊಂಡ್ರಲ್ಲ, ಆಗ ಏನಾಯ್ತು?”

ಅವನು ಮುಖ ಸಣ್ಣ ಮಾಡಿದ. “ಬೆಳೆ ಕೆಡ್ತು. ಹಳದಿ ನಡುವೆ ಬಿಳಿ ಗೂಡು ಬಂದ್ವು. ರೇಷ್ಮೆ ಇಲಾಖೆ ಇನ್ಸ್‌ಪೆಕ್ಟ್ರು ಚೆನ್ನಾಗಿ ಉಗುದ್ರು.”

“ಅಪ್ಪನೂ ಹಳದಿ, ಅವ್ವನೂ ಹಳದಿ. ಬಿಳಿ ಎಲ್ಲಿಂದ ಬಂತು?”

ನಂಜುಂಡಪ್ಪ ಕೈಯಲ್ಲಿದ್ದ ಗೂಡನ್ನು ತಿರುಗಿಸಿ ನೋಡಿದ. “ಜಪಾನು ಅಜ್ಜನಿಂದ. ಒಳಗೇ ಇತ್ತು.”

“ಅಷ್ಟೇ ನಾನು ಹೇಳಬೇಕು ಅಂತಿರೋದು. ಬಿಳಿ ಗೂಡು ಕೆಟ್ಟದ್ದು ಅಂತಲ್ಲ. ಹೊರಗೆ ಕಾಣದೆ ಇರೋದು ಒಳಗೆ ಇರಬಹುದು. ಮಗುವಿಗೆ ಪ್ರತಿಯೊಂದು ಗುಣಾನೂ ಅಪ್ಪನಿಂದ ಒಂದು ಪಾಲು, ಅವ್ವನಿಂದ ಒಂದು ಪಾಲು ಬರುತ್ತೆ. ಕಿವಿ ಕೇಳದ ಪಾಲು ಒಂದೇ ಬಂದ್ರೆ ಏನೂ ಆಗಲ್ಲ, ಇನ್ನೊಂದು ಪಾಲು ಕಾಪಾಡುತ್ತೆ. ಎರಡೂ ಕಡೆಯಿಂದ ಅದೇ ಬಂದ್ರೆ ಮಗು ಕಿವುಡಾಗುತ್ತೆ. ಊರಾಚೆಯವರನ್ನ ಮದುವೆಯಾದ್ರೆ ಅವರಲ್ಲೂ ಅದೇ ಪಾಲು ಅಡಗಿರೋದು ಅಪರೂಪ. ಒಂದೇ ಮನೆಯೊಳಗೆ ಮದುವೆಯಾದ್ರೆ ಇಬ್ಬರಿಗೂ ಅದು ಒಬ್ಬ ಹಿರಿಯರಿಂದಲೇ ಬಂದಿರುತ್ತೆ. ಹಾವೂ ಇಲ್ಲ, ಶಾಪಾನೂ ಇಲ್ಲ.”

ಮುನಿತಾಯಮ್ಮ ಗೂಡು ಬಿಡಿಸುವುದನ್ನು ನಿಲ್ಲಿಸಿದರು. “ಹುಳ ಬೇರೆ, ಮನುಸ್ರು ಬೇರೆ ಮೇಷ್ಟ್ರಮ್ಮ. ನಾನೂ ನಮ್ಮ ಸೋದರಮಾವನ್ನೇ ಕಟ್ಕೊಂಡೆ. ನನ್ನ ಮಕ್ಕಳು ಒಬ್ರಾದ್ರೂ ಮೂಗರಾದ್ರಾ?”

“ನಿಮ್ಮ ಪುಣ್ಯ, ಎರಡು ಪಾಲು ಸೇರಲಿಲ್ಲ. ಸೇರಲೇಬೇಕು ಅಂತಿಲ್ಲ, ಎಲ್ಲಾ ಮನೇಲೂ ಹೀಗಾಗಲ್ಲ. ಗಂಗನೂ ಕೇಳ್ತಾಳಲ್ಲ. ಆದ್ರೆ ಕೇಳೋರ ಮೈಯಲ್ಲೇ ಅದು ಅಡಗಿ ಮುಂದಕ್ಕೆ ದಾಟೋದು. ಕಾಡಲ್ಲಿ ಕಿವಿ ಕೇಳದ ಜಿಂಕೆ ಬಹಳ ದಿನ ಉಳಿಯಲ್ಲ. ಆದ್ರೂ ಆ ಗುಣ ಜಿಂಕೆಗಳಲ್ಲಿ ಅಳಿಯಲ್ಲ, ಯಾಕಂದ್ರೆ ಚೆನ್ನಾಗಿ ಕೇಳೋ ಜಿಂಕೆಯ ಮೈಯೊಳಗೆ ಅದು ಕೂತಿರುತ್ತೆ. ಹುಲಿಗೂ ಅದು ಕಾಣಲ್ಲ.”

“ಅಜ್ಜಿ,” ಎಂದಳು ಪುಟ್ಟಲಕ್ಷ್ಮಿ, ತಲೆ ಎತ್ತದೆ. “ನಿಮ್ಮಣ್ಣ ಒಬ್ಬ ಇದ್ನಲ್ಲ. ದನ ಕಾಯ್ತಿದ್ದ ಮೂಗಜ್ಜ.”

ಮುನಿತಾಯಮ್ಮನ ಮುಖ ಕೆಂಪಾಯಿತು. ಆಮೇಲೆ ನನ್ನ ಕಡೆ ತಿರುಗಿದರು. “ನಿಮ್ಮ ಬ್ರಾಂಬ್ರಲ್ಲಿ ಇಲ್ವಾ ಇದು? ನಮಗ್ಯಾಕೆ ಬುದ್ಧಿ ಹೇಳಕ್ಕೆ ಬಂದ್ರಿ?”

“ಇದೆ. ನಮ್ಮಕ್ಕ ಅನಂತಲಕ್ಷ್ಮಿಯನ್ನ ಕೊಟ್ಟಿರೋದು ಸೋದರಮಾವನಿಗೇ. ಅವಳ ದೊಡ್ಡ ಮಗನಿಗೆ ದೀಪ ಹಚ್ಚೋ ಹೊತ್ತಾದ್ರೆ ಕಣ್ಣು ಕಾಣಲ್ಲ. ಅಲ್ಲೂ ಇದೇ ಹೇಳಿ ಬೈಸ್ಕೊಂಡಿದ್ದೀನಿ.”

ಅಜ್ಜಿ ಮಡಿಲಲ್ಲಿದ್ದ ಗೂಡುಗಳನ್ನು ಬುಟ್ಟಿಗೆ ಸುರಿದರು. ಮತ್ತೆ ಮಾತಾಡಿದಾಗ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. “ನನ್ನ ತಂಗಿ ಪಾಪಮ್ಮನ್ನ ಹೊರಗೆ ಕೊಟ್ರು ಮೇಷ್ಟ್ರಮ್ಮ, ಮಾಗಡಿ ಆಚೆ. ಕೂಳಿಲ್ದೆ ಸಾಯಿಸಿದ್ರು ಅವ್ಳನ್ನ. ನಮಗೆ ಸುದ್ದಿ ಬಂದಾಗ ಮಣ್ಣು ಮಾಡಾಗಿತ್ತು. ಆವತ್ತೇ ಅಂದ್ಕೊಂಡೆ, ನನ್ನ ಮನೆ ಹೆಣ್ಣು ನನ್ನ ಹೊಸಿಲು ದಾಟಬಾರದು ಅಂತ. ಬಸವಿ ಹೋದ್ಳು. ಇವ್ಳೊಬ್ಳು ಉಳಿದವ್ಳೆ. ಇವ್ಳನ್ನೂ ಯಾರಿಗೋ ಎತ್ತಿ ಕೊಡ್ಲಾ?”

ಆ ಮುದುಕಿಯ ಭಯ ಸುಳ್ಳಲ್ಲ. ಓದುತ್ತಿರುವ ತಾವು ಅವರನ್ನು ರಾಕ್ಷಸಿ ಎಂದುಕೊಂಡು ಪುಸ್ತಕ ಮಡಿಸಬೇಡಿ. ನಮ್ಮ ಕೆಟ್ಟ ಪದ್ಧತಿಗಳಲ್ಲಿ ಎಷ್ಟೋ ಹೀಗೆಯೇ ಹುಟ್ಟಿರುತ್ತವೆ, ಮಕ್ಕಳ ಮೇಲಿನ ಪ್ರೀತಿಯಿಂದ. ಸೊಸೆಯನ್ನು ಹೊಡೆಯುವವನ ಕೈ ಹಿಡಿದು ನಿಲ್ಲಿಸುವ ಧೈರ್ಯ ಊರಿಗಿರಲಿಲ್ಲ, ಅದಕ್ಕೇ ಹೆಣ್ಣನ್ನು ಮನೆಯೊಳಗೇ ಬಚ್ಚಿಟ್ಟರು. ಆದರೆ ಪ್ರೀತಿಯಿಂದ ಮಾಡಿದ್ದೆಂದು ಬಸವ್ವನ ಸಾವು ಸಣ್ಣದಾಗುತ್ತದೆಯೇ? ನನ್ನ ಮಾತಿಗೆ ಫಲ ಸಿಕ್ಕಿದ್ದು ಇಷ್ಟು: ಅಮಾವಾಸ್ಯೆಯೊಳಗೆ ಕೋಣೆ ಖಾಲಿ ಮಾಡಿ ಎಂದು ಅಪ್ಪಣೆಯಾಯಿತು. ನಂಜುಂಡಪ್ಪ ಗೂಡಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದ.

ವೀಳ್ಯದ ದಿನ ನಡುಮನೆ ಸಾರಿಸಿ ರಂಗೋಲಿ ಇಟ್ಟಿದ್ದರು. ಊರ ಯಜಮಾನ ದೊಡ್ಡಣ್ಣ, ಹೇರೋಹಳ್ಳಿಯ ನಾಲ್ಕು ಜನ, ಹೊಸ ಪಂಚೆ ಉಟ್ಟ ಹನುಮಂತಯ್ಯ ಜಮಖಾನದ ಮೇಲೆ ಕೂತಿದ್ದರು. ನಾನು ನನ್ನ ಕೋಣೆಯ ಒಳಬಾಗಿಲಲ್ಲಿ ನಿಂತಿದ್ದೆ. ಸೋಮಲಿಂಗ ಮೂಲೆಯಲ್ಲಿ ಕೂತು ಏನು ನಡೆಯುತ್ತಿದೆಯೆಂದು ತಿಳಿಯದೆ ಎಲ್ಲರ ಬಾಯನ್ನೂ ನೋಡುತ್ತಿದ್ದ.

“ಹೆಣ್ಣಿನ ತಾಯಿ ಬಂದು ವೀಳ್ಯದ ತಟ್ಟೆ ಕೊಡಲಿ,” ಎಂದ ದೊಡ್ಡಣ್ಣ.

ಪುಟ್ಟಲಕ್ಷ್ಮಿ ಬಂದಳು. ಎಲೆ ಅಡಿಕೆಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ತಮ್ಮನ ಎದುರಿಗೆ ಬಂದು ನಿಂತಳು. ತಟ್ಟೆ ಮಾತ್ರ ನೀಡಲಿಲ್ಲ.

“ನಾನು ಕೊಡಲ್ಲ.”

“ಏನೇ ಅದು?” ಎಂದರು ಮುನಿತಾಯಮ್ಮ.

“ನನ್ನ ಮಗಳನ್ನ ನನ್ನ ತಮ್ಮನಿಗೆ ಕೊಡಲ್ಲ ಅಜ್ಜಿ. ಹೊರಗೆ ಕೊಡ್ತೀನಿ. ನಮ್ಮ ಬೇರಿಗೆ ಸೇರದೆ ಇರೋ ಮನೆ ಹುಡುಕ್ತೀನಿ. ಸಿಗೋವರೆಗೂ ಓದ್ಕೊಂಡಿರಲಿ.”

ಜಮಖಾನದ ಮೇಲೆ ಗುಜುಗುಜು ಎದ್ದಿತು. ಇದೆಲ್ಲ ಆ ಮೇಷ್ಟ್ರಮ್ಮನ ಕೆಲಸ ಎಂದು ಯಾರೋ ಅಂದರು. ಹನುಮಂತಯ್ಯ ಮಾತ್ರ ಎದ್ದು ನಿಂತು ಅಕ್ಕನನ್ನೇ ನೋಡಿದ. ಅವನ ಕಣ್ಣು ತುಂಬಿತ್ತು.

“ನಾಕು ಜನದ ಮುಂದೆ ನನ್ನ ಬೇಡ ಅಂತೀಯಾ ಅಕ್ಕ? ನಾನೇನು ಕುಡುಕನಾ? ಕೆಟ್ಟೋನಾ? ನೀನೇ ಸಾಕಿದೋನಲ್ವಾ?”

“ನೀನು ಚಿನ್ನದಂಥೋನು ಕಣೋ. ನಿನ್ನೊಳಗೆ ಏನಿದೆ ಅಂತ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ನನ್ನೊಳಗೆ ಏನಿತ್ತು ಅಂತ ಮಾತ್ರ ಗೊತ್ತು, ಅದನ್ನ ಈಚೆಗೆ ಮಣ್ಣು ಮಾಡಿ ಬಂದೆ. ನಾವಿಬ್ರೂ ಒಂದೇ ಹೊಟ್ಟೇಲಿ ಬಂದೋರು. ನೀನೂ ಹೊರಗಿನ ಹುಡುಗೀನೇ ಮಾಡ್ಕೊ. ನಿನ್ನ ಮಕ್ಕಳು ನಿನ್ನ ಮಾತು ಕೇಳಲಿ ಅಂತ ಆಸೆ ಇಲ್ವಾ ನಿಂಗೆ?”

ಹನುಮಂತಯ್ಯ ಹೊಸ ಟವಲನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ಹೇರೋಹಳ್ಳಿಯವರು ಒಬ್ಬೊಬ್ಬರಾಗಿ ಅವನ ಹಿಂದೆ ಎದ್ದರು. ಮುನಿತಾಯಮ್ಮ ಮಗನ ಕಡೆ ತಿರುಗಿ, “ಹೆಂಡ್ತಿಗೆ ಒಂದು ಮಾತು ಹೇಳೋ,” ಎಂದರು. ನಂಜುಂಡಪ್ಪ ನೆಲ ನೋಡುತ್ತ ಕೂತಿದ್ದ. ಹೆಂಡತಿಯ ಪರವಾಗಿಯೂ ಒಂದು ಮಾತು ಆಡಲಿಲ್ಲ, ವಿರೋಧವಾಗಿಯೂ ಆಡಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಸೊಪ್ಪಿನ ತೋಟದ ಕಡೆಗೆ ಹೋಗಿಬಿಟ್ಟ. ಅವತ್ತು ಅವನ ಮೇಲೆ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ದೊಡ್ಡಣ್ಣ ಗಂಟಲು ಸರಿಮಾಡಿಕೊಂಡ. “ಹಿರಿಯರ ಮಾತು ಮೀರಿದೋರ ಜೊತೆ ಈ ಮನೆಯೋರು ಬಾಯಿ ಬಿಡಬಾರದು. ಒಲೆ ಬೇರೆ, ನೀರು ಬೇರೆ. ಬಂದು ಕಾಲಿಗೆ ಬೀಳೋವರೆಗೂ ಹಂಗೇ ಇರಲಿ.” ಮುನಿತಾಯಮ್ಮ ಹೂಂ ಎಂದು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಅವರು ಅಳುವುದು ಕೇಳಿಸಿತು. ತಾಯಿ ತೀರಿಕೊಂಡಾಗಿನಿಂದ ಪುಟ್ಟಲಕ್ಷ್ಮಿಗೆ ಇದ್ದದ್ದು ಆ ಒಂದು ಮನೆ. ಒಂದೇ ಬೆಳಗಿಗೆ ತವರೂ ಹೋಯಿತು, ಅತ್ತೆಮನೆಯೂ ಹೋಯಿತು, ಕೂಸಾಗಿದ್ದಾಗಿನಿಂದ ಎತ್ತಿ ಬೆಳೆಸಿದ ತಮ್ಮನೂ ಹೋದ.

ಜನ ಕರಗಿದ ಮೇಲೆ ಅವಳು ಹಿತ್ತಲಿನ ಕಟ್ಟೆಯ ಮೇಲೆ ಕೂತಿದ್ದಳು. ಗಂಗ ಒಳಗೆಲ್ಲೋ ಅಣ್ಣನಿಗೆ ಕೈಸನ್ನೆಯಲ್ಲಿ ಏನನ್ನೋ ವಿವರಿಸುತ್ತಿದ್ದಳು. ಪಕ್ಕದಲ್ಲಿ ಕೂತು, “ನಾನೂ ಅಮಾವಾಸ್ಯೆಗೆ ಹೊರಟುಹೋಗ್ತೀನಿ. ನಿನ್ನ ಜೊತೆ ಮಾತಾಡೋರೇ ಇರಲ್ವಲ್ಲ ಪುಟ್ಟಲಕ್ಷ್ಮಿ, ಹೇಗಿರ್ತೀಯ?” ಎಂದೆ.

“ಮಾತಿಲ್ಲದ ಮನೇಲಿ ಇರೋದು ನಂಗೆ ರೂಢಿ ಆಗಿದೆ ಮೇಷ್ಟ್ರಮ್ಮ,” ಎಂದಳು. “ಮೂರು ಹೆತ್ತೆ. ಬಸವಿ ಬಿದ್ದಾಗ ಅವ್ವ ಅಂತ ಕೂಗ್ಲಿಲ್ಲ. ಸಾಯೋವಾಗ್ಲೂ ಕೂಗ್ಲಿಲ್ಲ, ನನ್ನ ಮುಖ ನೋಡ್ತಾನೇ ಹೋದ್ಳು. ನನ್ನನ್ನ ಅವ್ವ ಅಂತ ಕೂಗೋದು ಗಂಗ ಒಬ್ಳೇ. ಅವಳನ್ನಾದ್ರೂ ಅವಳ ಹೊಟ್ಟೇಲಿ ಹುಟ್ಟೋವೆಲ್ಲಾ ಹಂಗೆ ಕೂಗ್ಲಿ.”

ಅಷ್ಟು ಹೇಳಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇರೆ ಒಲೆ ಹೂಡುವುದಕ್ಕೆ ಹಿತ್ತಲಿನಲ್ಲಿ ಮೂರು ಕಲ್ಲು ಹುಡುಕತೊಡಗಿದಳು.